ಗೋಡೆಗಿಂತ ಮೆತ್ತಗಿರಲಿ ಗಾರೆ

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಹಳೆಯ ಗುಡಿಯ ಜೀರ್ಣೋದ್ಧಾರದ ಮಾತೆತ್ತಿದರೆ ಮೊದಲು ಬಂದಿಳಿಯುವುದು ಸಿಮೆಂಟ್ ಚೀಲ. ಸಿಮೆಂಟ್ ಗಟ್ಟಿ, ಬೇಗ ಒಣಗುತ್ತದೆ, ಮತ್ತೆ ಮುಟ್ಟಬೇಕಿಲ್ಲ ಎಂಬ ನಂಬಿಕೆ. ಆ ಗಟ್ಟಿತನವೇ ಹಳೆಯ ಗೋಡೆಗೆ ಕೇಡು.

ಕಲ್ಲು, ಇಟ್ಟಿಗೆ, ಮಣ್ಣಿನ ಗೋಡೆ ನೆಲದ ತೇವವನ್ನು ಎಳೆದುಕೊಳ್ಳುತ್ತದೆ. ಸುಣ್ಣದ ಗಾರೆಯಾದರೆ ಆ ತೇವ ಅದರ ಮೂಲಕವೇ ಆರಿಹೋಗುತ್ತದೆ. ಸಿಮೆಂಟ್ ಮೆತ್ತಿದರೆ ತೇವ ಒಳಗೇ ನಿಂತು, ಉಪ್ಪು ಹರಳುಗಟ್ಟಿ, ಇಟ್ಟಿಗೆ ಪುಡಿಯಾಗುತ್ತದೆ. ಅಂಥ ಗೋಡೆಯ ಬುಡವನ್ನು ಬೆರಳಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬರುತ್ತದೆ. ಚಕ್ಕೆ ಎಬ್ಬಿಸಿದರೆ ಇಟ್ಟಿಗೆಯ ಮೈಯೂ ಅದಕ್ಕಂಟಿಕೊಂಡೇ ಕಿತ್ತು ಬರುತ್ತದೆ. ಸವೆಯಬೇಕಾದದ್ದು ಗಾರೆ, ಇಲ್ಲಿ ಸವೆಯುವುದು ಗೋಡೆ.

ಬಯಲುಸೀಮೆಗೆ ಈ ತಿಳಿವಳಿಕೆ ಹೊಸದಲ್ಲ. ಮಾಳಿಗೆ ಮನೆಯ ಮೇಲೆ ಚೌಳು ಮಣ್ಣು ಹರಡಿ, ಕೊಚ್ಚಿಹೋದಷ್ಟನ್ನು ಮಳೆಗಾಲಕ್ಕೆ ಮುಂಚೆ ಮತ್ತೆ ಹಾಕುತ್ತಿದ್ದರು. ಸವೆತವನ್ನು ಲೆಕ್ಕಕ್ಕಿಟ್ಟುಕೊಂಡೇ ಕಟ್ಟಿದ ಮನೆಗಳವು.

ಸುಣ್ಣದ ಗಾರೆ ಎಂದರೆ ದುರ್ಬಲ ಎಂದಲ್ಲ. ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟ ಸುಣ್ಣಕಲ್ಲನ್ನು ನೀರಲ್ಲಿ ಅರಳಿಸಿ, ಮರಳು ಸೇರಿಸಿ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸಿ ಹದ ಮಾಡುತ್ತಿದ್ದರು. ಗೋಡೆಗೇರಿದ ಮೇಲೆ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಹಂಪಿಯ ಕಮಲ ಮಹಲಿನ ಕಮಾನುಗಳ ಮೇಲೆ ಇಂದಿಗೂ ಉಳಿದಿರುವ ಅಲಂಕಾರ ಈ ಗಾರೆಯದೇ.

ಹಳೆಯ ಗಾರೆ ತೆಗೆದು ಹೊಸದು ಹಾಕಿದರೆ ಕಟ್ಟಡ ನಕಲಿಯಾಗುವುದಿಲ್ಲವೆ? ಚಿತ್ರವೋ ಬರಹವೋ ಇರುವ ಕಡೆ ಖಂಡಿತ ಆಗುತ್ತದೆ. ಅಲ್ಲಿ ಅಂಚು ಭದ್ರಪಡಿಸಿ ಕೈ ತೆಗೆಯಬೇಕು. ಬರೀ ಗೋಡೆಯ ಗಾರೆ ಮಾತ್ರ ಬದಲಾಗುತ್ತ ಹೋಗುವುದಕ್ಕೇ ಇರುವುದು; ವಸ್ತು, ಹದ ಮೊದಲಿನವೇ ಆಗಿದ್ದರೆ ಸಾಕು.

ಸಮಯದ ತಕರಾರು ನಿಜವಾದದ್ದು. ಅರಳಿಸಿದ ಸುಣ್ಣ ಗುಂಡಿಯಲ್ಲಿ ವಾರಗಟ್ಟಲೆ ಹಣ್ಣಾಗಬೇಕು; ಭಕ್ತರಿಗೆ ಜಾತ್ರೆಯೊಳಗೆ ಕೆಲಸ ಮುಗಿಯಬೇಕು. ಹಾಗಿದ್ದರೆ ಗೌರಸಮುದ್ರದ ಮಾರಮ್ಮನಂಥ ದೊಡ್ಡ ಜಾತ್ರೆಯ ಊರುಗಳಲ್ಲಿ ಒಂದು ಜಾತ್ರೆ ಮುಗಿದ ಕೂಡಲೇ ಮುಂದಿನದಕ್ಕೆ ಸುಣ್ಣ ನೆನೆಹಾಕಬಹುದು. ಗಾರೆ ಕೆಲಸದವರಿಗೆ ವರ್ಷವರ್ಷವೂ ಕೂಲಿ ಸಿಕ್ಕರೆ ಅವರ ಮಕ್ಕಳೂ ಕರಣೆ ಹಿಡಿದಾರು. ಅಂದಾಜುಪಟ್ಟಿಯಲ್ಲಿ ಸಿಮೆಂಟ್ ಎಂದಿರುವ ಕಡೆ ಸುಣ್ಣ ಎಂದು ಬರೆಸುವುದು ಇಂದೇ ಆಗಬಹುದಾದ ಕೆಲಸ.