ಬ್ಯಾನಕ್: ಹಂಚಿನ ಮೇಲಿನ ರೊಟ್ಟಿ, ಹೆಸರಿನೊಳಗಿನ ಇತಿಹಾಸ

1314ರ ಜೂನ್ 23 ಮತ್ತು 24ರಂದು ಸ್ಕಾಟ್‌ಲೆಂಡಿನ ಬ್ಯಾನಕ್‌ಬರ್ನ್ ಎಂಬಲ್ಲಿ ದೊರೆ ರಾಬರ್ಟ್ ಬ್ರೂಸ್, ಇಂಗ್ಲೆಂಡಿನ ಎರಡನೆಯ ಎಡ್ವರ್ಡನ ಸೇನೆಯನ್ನು ಸೋಲಿಸಿದ. ಗುಹೆಯಲ್ಲಿ ಜೇಡನನ್ನು ನೋಡಿ ಛಲ ಕಲಿತನೆಂಬ ಕಥೆ ಇರುವುದು ಈ ಬ್ರೂಸನ ಬಗ್ಗೆಯೇ. ಈಗ ನಿಘಂಟು ತೆರೆಯಿರಿ. ಬ್ಯಾನಕ್ ಎಂದರೆ ಸ್ಕಾಟ್‌ಲೆಂಡಿನ ರೊಟ್ಟಿ, ಬರ್ನ್ ಎಂದರೆ ಸುಡು. ಹಾಗಾದರೆ ಅದು 'ಸೀದುಹೋದ ರೊಟ್ಟಿ'ಯ ಊರೇ?

ಅಲ್ಲ. ಸ್ಕಾಟರ ನುಡಿಯಲ್ಲಿ 'ಬರ್ನ್' ಎಂದರೆ ಹಳ್ಳ. ಊರ ಹೆಸರಿನಲ್ಲಿರುವ 'ಬ್ಯಾನಕ್' ಕೂಡ ರೊಟ್ಟಿಯಲ್ಲ. ಬ್ರಿಟನ್ನಿನ ಪ್ರಾಚೀನ ಕೆಲ್ಟಿಕ್ ಭಾಷೆಯಲ್ಲಿ ಕೊಂಬಿನಂತೆ ಚೂಪಾದ ಬೆಟ್ಟಕ್ಕಿದ್ದ ಹೆಸರಿನಿಂದ ಬಂದದ್ದು. ಬೆಟ್ಟದಿಂದ ಹರಿದು ಬರುವ ಹಳ್ಳ, ಅಷ್ಟೆ. ಕಿವಿಗೆ ಒಂದೇ ಆಗಿ ಕೇಳುವ ಎರಡು ಪದಗಳು ಒಂದೇ ಬೇರಿನವಾಗಬೇಕಿಲ್ಲ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಈ ಬಗೆಯ ಎಡವಟ್ಟು ಕಡಿಮೆಯೇನಲ್ಲ.

ರೊಟ್ಟಿಯ ಹೆಸರಿನ ದಾರಿ ಬೇರೆ. ಹಳೆಯ ಇಂಗ್ಲಿಷಿನಲ್ಲಿ 'ಬನ್ನುಕ್', ಗೇಲಿಕ್ ಭಾಷೆಯಲ್ಲಿ 'ಬನ್ನಾಖ್' ಎಂಬ ರೂಪಗಳಿವೆ. ಇವುಗಳ ಮೂಲ ಲ್ಯಾಟಿನ್ನಿನ 'ಪಾನಿಕಿಯಂ', ಅಂದರೆ ಬೇಯಿಸಿದ ತಿನಿಸು, ಇರಬೇಕೆಂಬುದು ಭಾಷಾತಜ್ಞರ ಅಭಿಪ್ರಾಯ. ಅದರ ಹಿಂದಿರುವುದು 'ಪಾನಿಸ್', ರೊಟ್ಟಿ. 'ಪ' ಹೋಗಿ 'ಬ' ಆಗುವುದು ದೊಡ್ಡ ಬದಲಾವಣೆಯಲ್ಲ. ಎರಡೂ ತುಟಿ ಸೇರಿಸಿ ಆಡುವ ಓಷ್ಠ್ಯ ವರ್ಣಗಳು. ಇದೇ 'ಪಾನಿಸ್' ಪೋರ್ಚುಗೀಸರ ಬಾಯಲ್ಲಿ 'ಪಾಂವ್' ಆಗಿ ಗೋವೆಗೆ ಬಂದು ಇಳಿಯಿತು. ಪಾವ್‌ಭಾಜಿಯ ಪಾವ್ ಅದೇ. ಜೊತೆಗೆ ಕೂತು ರೊಟ್ಟಿ ತಿನ್ನುವವರು ಎಂಬರ್ಥದ ಲ್ಯಾಟಿನ್ ಪದದಿಂದ ನಮ್ಮ 'ಕಂಪೆನಿ'ಯೂ ಹುಟ್ಟಿದೆ!

ಇನ್ನು ರೊಟ್ಟಿಯ ವಿಷಯ. ಸ್ಕಾಟ್‌ಲೆಂಡಿನ ಚಳಿ, ಮಳೆಯ ಉತ್ತರ ಭಾಗದಲ್ಲಿ ಗೋಧಿ ಚೆನ್ನಾಗಿ ಬೆಳೆಯದು. ಓಟ್ಸ್ ಮತ್ತು ಬಾರ್ಲಿ ಬೆಳೆಯುತ್ತವೆ. ಗೋಧಿಹಿಟ್ಟನ್ನು ನಾದಿದಾಗ ಅದರ ಪ್ರೋಟೀನುಗಳು ಸೇರಿ ಗ್ಲುಟೆನ್ ಎಂಬ ರಬ್ಬರಿನಂಥ ಜಾಲವಾಗಿ, ಅನಿಲದ ಗುಳ್ಳೆಗಳನ್ನು ಹಿಡಿದಿಡುತ್ತವೆ. ಓಟ್ಸ್ ಹಿಟ್ಟಿನಲ್ಲಿ ಅಂಥ ಜಾಲ ಕಟ್ಟುವುದಿಲ್ಲ, ಬಾರ್ಲಿಯಲ್ಲಿ ಕಟ್ಟಿದರೂ ದುರ್ಬಲ. ಆದ್ದರಿಂದ ಬ್ಯಾನಕ್ ಉಬ್ಬಲಿಲ್ಲ, ಚಪ್ಪಟೆಯಾಗಿಯೇ ಉಳಿಯಿತು. ಜೋಳದ ರೊಟ್ಟಿಯನ್ನು ಲಟ್ಟಿಸದೆ ಕೈಯಲ್ಲಿ ತಟ್ಟುವುದಕ್ಕೂ ಕಾರಣ ಇದೇ ಗ್ಲುಟೆನ್ನಿನ ಅಭಾವ. ಬಡವರ ಮನೆಯಲ್ಲಿ ಒಲೆಗೂಡು ಎಲ್ಲಿಯದು? ಬಿಸಿಕಲ್ಲಿನ ಮೇಲೋ ಕಬ್ಬಿಣದ ಹಂಚಿನ ಮೇಲೋ ಸುಡುತ್ತಿದ್ದರು. ಆ ಹಂಚಿಗೆ ಸ್ಕಾಟರು 'ಗರ್ಡಲ್' ಎನ್ನುತ್ತಾರೆ. ಇಂಗ್ಲಿಷರ 'ಗ್ರಿಡಲ್' ಎಂಬುದರಲ್ಲಿ ಅಕ್ಷರಗಳು ಸ್ಥಾನ ಬದಲಿಸಿವೆ ಅಷ್ಟೆ, ಸೊಂಟಪಟ್ಟಿಗೂ ಇದಕ್ಕೂ ಸಂಬಂಧವಿಲ್ಲ.

19ನೆಯ ಶತಮಾನದಲ್ಲಿ ಅಡುಗೆ ಸೋಡಾ ಬಳಕೆಗೆ ಬಂದಮೇಲೆ ಕಥೆ ಬದಲಾಯಿತು. ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲ ಸೋಡಾದೊಡನೆ ವರ್ತಿಸಿ ಇಂಗಾಲದ ಡೈ ಆಕ್ಸೈಡ್ ಬಿಡುಗಡೆಯಾಗುತ್ತದೆ, ರೊಟ್ಟಿ ಹಗುರಾಗುತ್ತದೆ. 1859ರಲ್ಲಿ ಸೆಲ್ಕರ್ಕ್ ಪಟ್ಟಣದ ರಾಬಿ ಡಗ್ಲಸ್ ಎಂಬ ಬೇಕರಿಯವನು ಗೋಧಿಹಿಟ್ಟು, ಬೆಣ್ಣೆ, ಒಣದ್ರಾಕ್ಷಿ ಹಾಕಿ ಮಾಡಿದ 'ಸೆಲ್ಕರ್ಕ್ ಬ್ಯಾನಕ್' ಹೆಸರು ಮಾತ್ರ ಹಳೆಯದನ್ನು ಉಳಿಸಿಕೊಂಡಿತು. ಅದು ಸಿಹಿ ಬ್ರೆಡ್ಡೇ ಸರಿ.

ದುಂಡನೆಯ ಬ್ಯಾನಕ್ಕನ್ನು ಅಡ್ಡಡ್ಡ ಉದ್ದುದ್ದ ಕೊಯ್ದರೆ ಸಿಗುವ ತುಂಡಿಗೆ 'ಫಾರ್ಲ್' ಎನ್ನುತ್ತಾರೆ. ಅದರರ್ಥ ನಾಲ್ಕನೆಯ ಒಂದು ಪಾಲು.