ಹತ್ತಕ್ಕೆ ಒಂಬತ್ತು ಬಂದರೂ ನಾಪಾಸು

ಮೂವತ್ತನಾಲ್ಕು ವರ್ಷ ವಿಜ್ಞಾನ ಬೋಧಿಸಿ, ಅಷ್ಟೂ ವರ್ಷ ಉತ್ತರ ಪತ್ರಿಕೆಗಳನ್ನು ತಿದ್ದಿದ ನಾನು ದಾಕ್ಷಿಣ್ಯಕ್ಕೆ ಅಂಕ ಹಾಕಿದ್ದು ಒಂದೇ ಒಂದು ಸಲ. ಅದೂ ನಿವೃತ್ತನಾದ ಮೂರು ವರ್ಷಗಳ ಮೇಲೆ, 2022ರಲ್ಲಿ, ದೂರವಾಣಿಯ ಮೂಲಕ. ನನ್ನ ಕಾರಿನ ಸರ್ವೀಸ್ ಮುಗಿದ ಮೂರನೆಯ ದಿನ ಹೆಣ್ಣುಮಗಳೊಬ್ಬಳು ಕರೆ ಮಾಡಿ, "ಸರ್, ನಮ್ಮ ಸರ್ವೀಸಿಗೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ?" ಎಂದು ಕೇಳಿದಳು. "ಹತ್ತು" ಎಂದೆ. ಅದು ಸುಳ್ಳು. ಆ ಸುಳ್ಳು ಇಷ್ಟು ದಿನ ನನ್ನನ್ನು ಚುಚ್ಚುತ್ತಲೇ ಇತ್ತು. ಯಾರನ್ನು ಕಾಪಾಡಲು ಅದನ್ನು ಹೇಳಿದೆನೋ ಅವನು ಈಗ ಆ ಕೆಲಸದಲ್ಲಿಲ್ಲ. ಆದ್ದರಿಂದ ಇಂದು ಬರೆಯಲು ಅಡ್ಡಿಯಿಲ್ಲ.

2019ರಲ್ಲಿ ನಿವೃತ್ತಿಯ ಹಣದ ಒಂದು ಭಾಗದಿಂದ ಜರ್ಮನ್ ಕಂಪನಿಯೊಂದರ ಪುಟ್ಟ ಕಾರನ್ನು ಕೊಂಡೆ. ಕಂಪನಿಯ ಹೆಸರನ್ನಾಗಲಿ ಷೋರೂಮಿನ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಕಾರಿನ ಮೇಲೆ ನನಗೆ ದೂರೂ ಇಲ್ಲ. ಬಾಗಿಲು ಹಾಕಿದರೆ ಹಳೆಯ ಕಾಲದ ಕಬ್ಬಿಣದ ಪೆಟ್ಟಿಗೆ ಮುಚ್ಚಿದಂತೆ ಗಟ್ಟಿಯಾದ ಸದ್ದು. ಘಾಟಿಯ ತಿರುವಿನಲ್ಲಿ ನೆಲಕ್ಕೆ ಅಂಟಿಕೊಂಡಂತೆ ಓಟ. ದೂರು ಏನಿದ್ದರೂ ವರ್ಷಕ್ಕೊಮ್ಮೆ ಆ ಕಾರನ್ನು ಎಪ್ಪತ್ತು ಕಿಲೋಮೀಟರ್ ದೂರದ ನಗರಕ್ಕೆ ಕೊಂಡೊಯ್ದು, ಗಾಜಿನ ಕೋಣೆಯಲ್ಲಿ ಕುಳಿತು, ಅವರು ಕೊಡುವ ಕಾಫಿ ಕುಡಿಯುತ್ತ, ಅಂದಾಜು ಪಟ್ಟಿಗಾಗಿ ಕಾಯುವ ಆ ವಿಧಿಯ ಮೇಲೆ.

ಆ ವರ್ಷ ಕಾರು 38,000 ಕಿಲೋಮೀಟರ್ ಓಡಿತ್ತು. ಕಾರಿನ ಜೊತೆ ಬಂದ ಕೈಪಿಡಿಯನ್ನು ನಾನು ಪಠ್ಯಪುಸ್ತಕದಂತೆ ಓದಿಕೊಂಡು ಹೋಗಿದ್ದೆ. ಅದು ಹೇಳಿದ್ದು ಎಂಜಿನ್ ಆಯಿಲ್, ಫಿಲ್ಟರುಗಳು ಮತ್ತು ತಪಾಸಣೆ. ಕೂಲಿ ಸೇರಿ ರೂ. 8,700. ಆದರೆ ನನ್ನ ಮುಂದೆ ಬಂದ ಪಟ್ಟಿ ರೂ. 21,450ರದು. ಎಂಜಿನ್ನಿನ ಒಳಗಿನ ಇಂಗಾಲ ತೆಗೆಯಲು 2,400, ಥ್ರಾಟಲ್ ಬಾಡಿ ತೊಳೆಯಲು 1,200, ಏಸಿಯ ಕ್ರಿಮಿನಾಶಕ್ಕೆ 1,600, ಪೆಟ್ರೋಲಿಗೆ ಬೆರೆಸುವ ಔಷಧಿಗೆ 650, ಮುಂದಿನ ಚಕ್ರಗಳ ಬ್ರೇಕ್ ಪ್ಯಾಡುಗಳಿಗೆ 6,900. ಬ್ರೇಕ್ ಪ್ಯಾಡು ಸವೆಯುವ ವಸ್ತು. ಅದನ್ನು ನೋಡಿ ಹೇಳುವುದು ಅವರ ಕರ್ತವ್ಯವೇ. ಮಿಕ್ಕ ನಾಲ್ಕು ಬಾಬತ್ತುಗಳು ಮಾತ್ರ ಆ ಸರ್ವೀಸಿಗೆ ಕೈಪಿಡಿ ಕೊಟ್ಟ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ.

ಪಟ್ಟಿಯನ್ನು ತಂದ ಯುವಕ ನನ್ನ ಹಳೆಯ ವಿದ್ಯಾರ್ಥಿ. ಅವನ ಹೆಸರು, ಅವನು ಯಾವ ವರ್ಷದ ತಂಡದವನು ಎಂಬುದನ್ನು ಹೇಳುವುದಿಲ್ಲ. ನೀವೂ ದಯವಿಟ್ಟು ಊಹಿಸಲು ಹೋಗಬೇಡಿ. ನನ್ನನ್ನು ಕಂಡು ಸಂಭ್ರಮಪಟ್ಟು, ಕಾಲು ಮುಟ್ಟಿ ನಮಸ್ಕರಿಸಿ, ಅನಂತರ ಹೇಳಿದ: "ಸಾರ್, ಮುಂದಿನ ಬ್ರೇಕ್ ಪ್ಯಾಡು ಎಂಬತ್ತು ಪರ್ಸೆಂಟ್ ಹೋಗಿದೆ. ಸೇಫ್ಟಿ ವಿಷಯ, ಬದಲಾಯಿಸಿಬಿಡೋಣ."

"ಎಷ್ಟು ಮಿಲಿಮೀಟರ್ ಉಳಿದಿದೆಯಪ್ಪಾ?" ಎಂದು ಕೇಳಿದೆ.

ಅವನು ಸುಮ್ಮನಾದ. ಹದಿನೈದು ವರ್ಷಗಳ ಹಿಂದೆ ಏಕಮಾನ ಬರೆಯದ ಉತ್ತರವನ್ನು ನಾನು ಕೆಂಪು ಶಾಯಿಯಲ್ಲಿ ಸುತ್ತಿದಾಗ ಹೇಗೆ ತಲೆ ತಗ್ಗಿಸುತ್ತಿದ್ದನೋ ಹಾಗೆಯೇ. ಪಕ್ಕದಲ್ಲಿ ಅವನ ಮೇಲಧಿಕಾರಿ ನಿಂತಿದ್ದರು. ಅವರು ಉತ್ತರಿಸಿದರು: "ಸರ್, ನಮ್ಮ ಟೆಕ್ನಿಷಿಯನ್ ಚೆಕ್ ಮಾಡಿದಾರೆ." ಅಳತೆ ಎಷ್ಟೆಂದು ಯಾರೂ ಹೇಳಲಿಲ್ಲ. ನಾನು ಕೈಪಿಡಿಯಲ್ಲಿದ್ದಷ್ಟನ್ನೇ ಮಾಡಿಸಿ, ಹಣ ಕಟ್ಟಿ, ಹಿಂತಿರುಗಿದೆ.

ಮರುದಿನ ನಮ್ಮೂರಿನ ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿಗೆ ಹೋಗಿ, ಎರಡೂ ಚಕ್ರ ಬಿಚ್ಚಿಸಿ, ನನ್ನ ವರ್ನಿಯರ್ ಕ್ಯಾಲಿಪರಿನಿಂದಲೇ ಪ್ಯಾಡುಗಳನ್ನು ಅಳೆದೆ. ಹಿಂಬದಿಯ ಲೋಹದ ಪಟ್ಟಿಯನ್ನು ಬಿಟ್ಟು, ಉಜ್ಜುವ ಪದರ ಮಾತ್ರ. ನಾಲ್ಕರಲ್ಲಿ ಅತ್ಯಂತ ತೆಳ್ಳಗಿನದು 7.2 ಮಿ.ಮೀ. ಇತ್ತು. ಅಂಗಡಿಯಲ್ಲಿದ್ದ ಹೊಸ ಪ್ಯಾಡು 11 ಮಿ.ಮೀ. ಎಂದರೆ ಸವೆದದ್ದು ಶೇಕಡ 35ರಷ್ಟು. ಎಂಬತ್ತು ಸವೆದಿದ್ದರೆ 2.2 ಮಿ.ಮೀ. ಮಾತ್ರ ಉಳಿದಿರಬೇಕಾಗಿತ್ತು. ಸಾಮಾನ್ಯವಾಗಿ 2–3 ಮಿ.ಮೀ.ಗೆ ಇಳಿಯುವಾಗ ಪ್ಯಾಡನ್ನು ಬದಲಿಸಬೇಕು. ನಾನು ಅದೇ ಪ್ಯಾಡಿನಲ್ಲಿ, ಆಗಾಗ ಅಳೆದು ನೋಡುತ್ತ, ಇನ್ನೂ 36,000 ಕಿಲೋಮೀಟರ್ ಓಡಿಸಿ, 3.4 ಮಿ.ಮೀ.ಗೆ ಬಂದಾಗ 2025ರಲ್ಲಿ ಬದಲಾಯಿಸಿದೆ.

ಈ ಕಥೆಯನ್ನು ಹೇಳಿದಾಗಲೆಲ್ಲ ನನ್ನ ಸೋದರಳಿಯ ನಗುತ್ತಾನೆ. "ಮಾವ, ಆನೆ ಕೊಂಡ ಮೇಲೆ ಅಂಕುಶಕ್ಕೆ ಚೌಕಾಸಿ ಮಾಡ್ತಾರಾ? ಜರ್ಮನ್ ಕಾರು ಅಂದ್ರೆ ಅಷ್ಟು ಖರ್ಚು ಇದ್ದದ್ದೇ" ಎನ್ನುತ್ತಾನೆ. ನೆಂಟರಿಷ್ಟರಲ್ಲಿ ಅನೇಕರ ಅಭಿಪ್ರಾಯವೂ ಇದೇ. ಆದ್ದರಿಂದ ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರ ಹೇಳಬೇಕಾಗಿದೆ.

ಬಿಡಿಭಾಗ ದುಬಾರಿಯೆಂಬುದು ಬೇರೆ ಮಾತು. ಬೇಡದ ಬಿಡಿಭಾಗವನ್ನು ಮಾರುವುದು ಬೇರೆ ಮಾತು. ಮೊದಲನೆಯದಕ್ಕೆ ನಾನು ಸಿದ್ಧನಾಗಿಯೇ ಕಾರು ಕೊಂಡವನು. ಎರಡನೆಯದು ಕಾರು ಎಲ್ಲಿಯದಾದರೂ ಮೋಸವೇ. ಇನ್ನು ಜರ್ಮನಿಯ ಹೆಸರನ್ನು ಎತ್ತುವವರು ಆ ದೇಶದಲ್ಲಿ ನಡೆಯುವುದೇನೆಂದು ತಿಳಿಯಬೇಕು. 1865ರಲ್ಲಿ ಮ್ಯಾನ್‌ಹೈಮ್ ನಗರದ ಮದ್ಯ ತಯಾರಿಕೆಯ ಕಾರ್ಖಾನೆಯೊಂದರಲ್ಲಿ ಉಗಿಯ ಬಾಯ್ಲರ್ ಸ್ಫೋಟಿಸಿತು. ಮರುವರ್ಷ, 1866ರಲ್ಲಿ, ಬಾಯ್ಲರುಗಳ ಮಾಲೀಕರೇ ಸೇರಿ ಅವುಗಳ ತಪಾಸಣೆಗೆಂದು ಒಂದು ಸಂಘ ಕಟ್ಟಿದರು. ಇಂದು 'ಟ್ಯೂಫ್' ಎಂದು ಕರೆಸಿಕೊಳ್ಳುವ ತಪಾಸಣಾ ಸಂಸ್ಥೆಗಳ ಮೂಲ ಅಲ್ಲಿದೆ. ಜರ್ಮನಿಯಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಅನಂತರ ಎರಡು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ. ಪರೀಕ್ಷಕನು ಇಂಥ ಸಂಸ್ಥೆಯವನು. ತಾನು ಕಂಡ ದೋಷದ ರಿಪೇರಿ ಅವನ ವ್ಯಾಪಾರವಲ್ಲ. ದೋಷ ಕಂಡರೆ ಬರೆದುಕೊಡುತ್ತಾನೆ, ಪ್ಯಾಡು ಮಾರುವುದಿಲ್ಲ.

ವಾರಂಟಿಯ ಮಾತೂ ಹಾಗೆಯೇ. ಹೊರಗಿನ ಗ್ಯಾರೇಜಿನಲ್ಲಿ ಮಾಮೂಲು ಸರ್ವೀಸ್ ಮಾಡಿಸಿದ ಮಾತ್ರಕ್ಕೆ ತಯಾರಕರು ವಾರಂಟಿಯನ್ನು ರದ್ದು ಮಾಡುವುದಕ್ಕೆ ಯುರೋಪಿನ ಒಕ್ಕೂಟದ ಸ್ಪರ್ಧಾ ನಿಯಮಗಳು ತಡೆಯೊಡ್ಡಿವೆ. ಸ್ವತಂತ್ರ ಗ್ಯಾರೇಜುಗಳಿಗೂ ರಿಪೇರಿಯ ಮಾಹಿತಿಯನ್ನು ಒದಗಿಸಬೇಕೆಂದು 2007ರಲ್ಲಿಯೇ ಅಲ್ಲಿ ಶಾಸನವಾಯಿತು. ನಮ್ಮಲ್ಲಿಗೆ ಜರ್ಮನಿಯ ಕಾರು ಬಂತು, ಜರ್ಮನಿಯ ಕಟ್ಟಳೆ ಬರಲಿಲ್ಲ.

ಬರಲಿಲ್ಲವೆಂದರೆ ಪೂರ್ತಿ ಸರಿಯಲ್ಲ. ಬಂದದ್ದು ನಮ್ಮ ಕಿವಿಗೆ ಬೀಳಲಿಲ್ಲ. ಅಂದು ಗಾಜಿನ ಕೋಣೆಯಲ್ಲಿ ಆ ಮೇಲಧಿಕಾರಿ ನನಗೆ ಇನ್ನೊಂದು ಮಾತನ್ನೂ ಹೇಳಿದ್ದರು: "ಹೊರಗಡೆ ಕೈ ಹಾಕಿಸಿದ್ರೆ ವಾರಂಟಿ ಹೋಗುತ್ತೆ ಸರ್." ನನ್ನ ಕಾರಿಗೆ ಆಗ ಇನ್ನೂ ಒಂದು ವರ್ಷದ ವಾರಂಟಿ ಇತ್ತು. ನಿಜ ಹೇಳುತ್ತೇನೆ, ಹೆದರಿದೆ. ಮನೆಗೆ ಬಂದು ಹುಡುಕಿದ ಮೇಲೆ ತಿಳಿದದ್ದು ಇದು: ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳ ಮೇಲೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನೂ ದೋಷ ಪತ್ತೆಹಚ್ಚುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿ ಪೇಟೆಯನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದಾರೆ ಎಂಬುದು ಆರೋಪದ ಸಾರ. ಹೊರಗಿನ ಗ್ಯಾರೇಜಿಗೆ ಹೋದರೆಂಬ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡುವ ಷರತ್ತು ಹಾಕಬಾರದು, ಹೊರಗಿನವರ ತಪ್ಪು ಕೆಲಸದಿಂದ ಆದ ಹಾನಿಯ ಮಟ್ಟಿಗಷ್ಟೇ ನಿರಾಕರಿಸಬಹುದು ಎಂದೂ ಆಯೋಗ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಆದರೆ ಆ ಆದೇಶ ಹೊರಟು ಎಂಟು ವರ್ಷಗಳಾದ ಮೇಲೂ ಒಬ್ಬ ನಿವೃತ್ತ ಮೇಷ್ಟ್ರನ್ನು ಅದೇ ಮಾತಿನಿಂದ ಹೆದರಿಸಬಹುದಾಗಿತ್ತು ಎಂಬುದು ಸಣ್ಣ ಸಂಗತಿಯಲ್ಲ.

ನಾವು ಎಸ್ಸೆಸ್ಸೆಲ್ಸಿ ಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋಗುತ್ತಿದ್ದ ದಿನಗಳನ್ನು ನೆನೆಯುತ್ತೇನೆ. ಕೈಗೆ ಬಂದ ಪತ್ರಿಕೆ ಯಾವ ಮಗುವಿನದು, ಯಾವ ಶಾಲೆಯದು ಎಂದು ನಮಗೆ ತಿಳಿಯುತ್ತಿರಲಿಲ್ಲ. ನಮ್ಮ ಪ್ರಾಮಾಣಿಕತೆಯ ಮೇಲಿನ ಸಂಶಯಕ್ಕಲ್ಲ ಆ ಏರ್ಪಾಡು. ಪ್ರಾಮಾಣಿಕನನ್ನೂ ಆಸೆಯ ಎದುರಿಗೆ ನಿಲ್ಲಿಸಬಾರದೆಂಬ ವಿವೇಕ ಅದರ ಹಿಂದಿತ್ತು. ತರಗತಿಯಲ್ಲಿ ಮಕ್ಕಳನ್ನು ನಾಪಾಸು ಮಾಡಿ, ಸಂಜೆ ಅದೇ ಮಕ್ಕಳನ್ನು ಮನೆಪಾಠಕ್ಕೆ ಕರೆಯುವ ಮೇಷ್ಟ್ರನ್ನು ಊರು ಏನೆಂದು ಕರೆಯುತ್ತಿತ್ತೆಂದು ನಿಮಗೆ ಗೊತ್ತು. ತಿದ್ದಿದ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ವಿದ್ಯಾರ್ಥಿಗೆ ಇದೆಯೆಂದು ಸುಪ್ರೀಂ ಕೋರ್ಟು 2011ರಲ್ಲಿ ತೀರ್ಪು ಕೊಟ್ಟಿತು. ಹತ್ತನೆಯ ತರಗತಿಯ ಮಗುವಿಗೆ ಇರುವ ಈ ಹಕ್ಕು, ಲಕ್ಷಗಟ್ಟಲೆ ಹಣ ಕೊಟ್ಟು ಕಾರು ಕೊಂಡವನಿಗೆ ಏಕಿಲ್ಲ? ದೋಷ ಹೇಳುವವನು ಅಳತೆ ತೋರಿಸಲೇಬೇಕು. ಆ ದೋಷದ ಮದ್ದನ್ನು ಮಾರುವುದರಿಂದ ಅವನ ಸಂಬಳ ಹೆಚ್ಚುವಂತಿರಬಾರದು. ನನ್ನ ವಾದವೆಲ್ಲ ಇಷ್ಟೇ.

ಸಂಬಳದ ಮಾತು ಏಕೆಂದರೆ, ಅಂದು ನಾನು ಹೊರಡುವಾಗ ಆ ಹುಡುಗ ಗೇಟಿನವರೆಗೆ ಬಂದ. "ಸಾರ್, ತಪ್ಪು ತಿಳ್ಕೋಬೇಡಿ. ತಿಂಗಳಿಗೆ ಇಷ್ಟು ಪ್ಯಾಡು, ಇಷ್ಟು ಕ್ಲೀನಿಂಗು ಮಾರಬೇಕು ಅಂತ ಟಾರ್ಗೆಟ್ ಇದೆ. ಆಗದಿದ್ರೆ ಇನ್ಸೆಂಟಿವ್ ಇಲ್ಲ, ಎರಡು ತಿಂಗಳು ಆಗದಿದ್ರೆ ಕರೆದು ಮಾತಾಡ್ತಾರೆ" ಎಂದ. ಅಳತೆಯನ್ನು ತಾನೂ ನೋಡಿರಲಿಲ್ಲವೆಂದು ಒಪ್ಪಿಕೊಂಡ. ಅನಂತರ ಸಂಕೋಚದಿಂದ ಇನ್ನೊಂದು ಮಾತು ಸೇರಿಸಿದ: "ಮೂರು ದಿನದಲ್ಲಿ ನಿಮಗೆ ಫೋನ್ ಬರುತ್ತೆ. ಹತ್ತಕ್ಕೆ ಹತ್ತು ಕೊಡಿ ಸಾರ್. ಒಂಬತ್ತು ಕೊಟ್ರೂ ನನಗೆ ಫೇಲ್ ಲೆಕ್ಕ."

ಹತ್ತಕ್ಕೆ ಒಂಬತ್ತು ಬಂದವನನ್ನು ನಾಪಾಸು ಮಾಡುವ ಪರೀಕ್ಷೆಯನ್ನು ನಾನು ನನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಇದರ ಮರ್ಮ ನೋಡಿ. ಅತೃಪ್ತನಾದ ಗಿರಾಕಿ ಕಡಿಮೆ ಅಂಕ ಕೊಟ್ಟರೆ ಪೆಟ್ಟು ಬೀಳುವುದು ಟಾರ್ಗೆಟ್ ಇಟ್ಟವರ ಮೇಲಲ್ಲ, ಎದುರಿಗೆ ನಿಂತು ಕೈಮುಗಿದ ಹುಡುಗನ ಮೇಲೆ. ಆದ್ದರಿಂದ ಮನಸ್ಸುಳ್ಳವರೆಲ್ಲ ಹತ್ತು ಕೊಡುತ್ತಾರೆ. ಆ ಹತ್ತುಗಳನ್ನೆಲ್ಲ ಕೂಡಿಸಿ, ನಮ್ಮ ಗಿರಾಕಿಗಳು ಸಂತೃಪ್ತರೆಂದು ಗೋಡೆಯ ಮೇಲೆ ಹಾಕಿಕೊಳ್ಳಬಹುದು. ಪ್ಯಾಡಿನ ಎಂಬತ್ತೂ ಸುಳ್ಳು, ಗಿರಾಕಿಯ ಹತ್ತೂ ಸುಳ್ಳು. ನನ್ನ ವಿದ್ಯಾರ್ಥಿಯಿಂದ ಮೊದಲನೆಯ ಸುಳ್ಳನ್ನು ಹೇಳಿಸಿದ ಪದ್ಧತಿಯೇ ನನ್ನಿಂದ ಎರಡನೆಯದನ್ನು ಹೇಳಿಸಿತು. ಅವನ ಉತ್ತರವನ್ನು ಕೆಂಪು ಶಾಯಿಯಲ್ಲಿ ಸುತ್ತುವ ಯೋಗ್ಯತೆಯನ್ನು ನಾನು ಆ ದಿನ ಕಳೆದುಕೊಂಡೆ.

ಇನ್ನೊಂದು ಪಕ್ಷವನ್ನೂ ಹೇಳಬೇಕು. ಇಂದಿನ ಕಾರು ಕಂಪ್ಯೂಟರುಗಳಿಂದ ತುಂಬಿದೆ. ಸರಿಯಾದ ತರಬೇತಿಯಿಲ್ಲದವರ ಕೈಗೆ ಕೊಟ್ಟರೆ ಅಪಾಯವೆಂಬುದು ನಿಜ. ಆ ತರಬೇತಿಗೆ, ಆ ಉಪಕರಣಗಳಿಗೆ, ಕಾರಿನ ಅಡಿಯಲ್ಲಿ ಮಲಗಿ ದುಡಿಯುವ ಮೆಕ್ಯಾನಿಕ್ಕಿನ ಕೂಲಿಗೆ ತಕ್ಕ ಬೆಲೆ ಕೇಳಲಿ, ಕೊಡುತ್ತೇನೆ. 8,700ರ ಬದಲು ಹತ್ತು ಸಾವಿರವೆಂದರೂ ಮರುಮಾತಾಡದೆ ಕೊಡುತ್ತೇನೆ. ಕೆಲಸದ ಬೆಲೆಯನ್ನು ಕೆಲಸದ ಹೆಸರಿನಲ್ಲಿ ಕೇಳದೆ, ಇಲ್ಲದ ರೋಗದ ಹೆಸರಿನಲ್ಲಿ ವಸೂಲು ಮಾಡುವುದಕ್ಕೆ ಮಾತ್ರ ನನ್ನ ವಿರೋಧ.

ಕಾರು ಇಟ್ಟಿರುವ ನನ್ನ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಹೇಳುವುದು ಇಷ್ಟು. ಹೋಗುವ ಮೊದಲು ಕೈಪಿಡಿಯಲ್ಲಿ ಆ ವರ್ಷದ ಕೆಲಸಗಳ ಪುಟವನ್ನು ಓದಿ. ಅದರಲ್ಲಿ ಇಲ್ಲದ್ದನ್ನು ಪಟ್ಟಿಗೆ ಸೇರಿಸಿದರೆ ಕಾರಣವನ್ನು ಬರೆದುಕೊಡಲು ಹೇಳಿ. ಸವೆದಿದೆ ಎಂದರೆ ಎಷ್ಟು ಮಿಲಿಮೀಟರ್ ಎಂದು ಕೇಳಿ. ಕಂಪ್ಯೂಟರು ದೋಷ ತೋರಿಸಿತೆಂದರೆ ಅದರ ಮುದ್ರಿತ ಪ್ರತಿ ಕೇಳಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ವಾರಂಟಿ ಹೋಗುತ್ತದೆಂದರೆ ಆ ಮಾತನ್ನೂ ಕಾಗದದ ಮೇಲೆ ಕೇಳಿ. ಬಾಯಲ್ಲಿ ಆಡುವ ಅನೇಕ ಮಾತುಗಳು ಕಾಗದಕ್ಕೆ ಇಳಿಯುವುದಿಲ್ಲ. ಅಷ್ಟಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ, ನೀವು ತೆತ್ತ ಬೆಲೆ ಐದು ಲಕ್ಷ ರೂಪಾಯಿಯವರೆಗಿದ್ದರೆ ಜಿಲ್ಲಾ ಆಯೋಗದಲ್ಲಿ ದೂರು ಕೊಡಲು ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು.

ಇನ್ನು, ಗಾಜಿನ ಕೋಣೆಯ ಆಚೆ ಬದಿಯಲ್ಲಿ ಕುಳಿತಿರುವ ನನ್ನ ವಿದ್ಯಾರ್ಥಿಗಳು. ಕಾರಿನ ಷೋರೂಮಿನಲ್ಲಿ ಅಷ್ಟೇ ಅಲ್ಲ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ವಿಮಾ ಕಚೇರಿಯಲ್ಲಿ ಟಾರ್ಗೆಟ್ ಹೊತ್ತವರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ನೌಕರಿ ಬಿಟ್ಟುಬಿಡಿ ಎಂದು ಪಿಂಚಣಿ ತಿನ್ನುವ ಮೇಷ್ಟ್ರು ಉಪದೇಶ ಮಾಡುವುದು ಸುಲಭ. ಅದನ್ನು ನಾನು ಮಾಡುವುದಿಲ್ಲ. ಆದರೆ ಅಳತೆ ಮಾಡದೆ ಅಂಕಿ ಹೇಳಬೇಡಿ. ಮೇಲಿನವರು ಏನನ್ನು ಮಾರಲು ಹೇಳಿದರೂ, ಅಳೆದ ಅಂಕಿಯನ್ನು ಗಿರಾಕಿಯ ಮುಂದಿಡಿ. ಕೊಳ್ಳುವುದು ಬಿಡುವುದು ಅವನಿಗೆ ಬಿಟ್ಟದ್ದು. ವರ್ನಿಯರನ್ನು ನಿಮ್ಮ ಕೈಗೆ ಕೊಟ್ಟದ್ದು ಅದಕ್ಕಾಗಿಯೇ.

ಮುಂದಿನ ಸಲ ಫೋನು ಬಂದಾಗ ನಾನೂ ನನಗೆ ಕಂಡ ಅಂಕವನ್ನೇ ಹೇಳುತ್ತೇನೆ, ಕಾರಣವನ್ನೂ ಹೇಳುತ್ತೇನೆ. ಆ 2022ರ ಸರ್ವೀಸಿಗೆ ನನ್ನ ಅಂಕ, ತಡವಾಗಿಯಾದರೂ, ಹತ್ತಕ್ಕೆ ನಾಲ್ಕು. ಆಯಿಲ್ ಮತ್ತು ಫಿಲ್ಟರುಗಳನ್ನು ಸರಿಯಾಗಿ ಬದಲಾಯಿಸಿದ ಮೆಕ್ಯಾನಿಕ್ಕಿಗೆ ಮೂರು. ಗೇಟಿನವರೆಗೆ ಬಂದು ನಿಜ ಹೇಳಿದ ಹುಡುಗನಿಗೆ ಒಂದು.