ನಿಯಮವೂ ಅದರ ಎಲ್ಲೆಯೂ

ಬೆಳಕು ಗಾಳಿಯಿಂದ ನೀರನ್ನೋ ಗಾಜನ್ನೋ ಪ್ರವೇಶಿಸುವಾಗ ಅದರ ವೇಗವೂ ತರಂಗದೈರ್ಘ್ಯವೂ ಬದಲಾಗುತ್ತವೆ. ಕಂಪನಸಂಖ್ಯೆ, ಎಂದರೆ ಸೆಕೆಂಡಿಗೆ ಅದು ಎಷ್ಟು ಬಾರಿ ಕಂಪಿಸುವುದೆಂಬುದು, ಬದಲಾಗುವುದಿಲ್ಲ. ವರ್ಷವರ್ಷವೂ ನಾವು ತರಗತಿಯಲ್ಲಿ ಬರೆಯಿಸುವ ಮಾತಿದು. ಕೆಲವು ದಿನಗಳ ಹಿಂದೆ ಉರ್ವದ ವಿದ್ಯಾರ್ಥಿಯೊಬ್ಬನು ಹಸಿರು ಕಿರಣ ಬೀರುವ ಲೇಸರ್ ಪೆನ್ನೊಂದನ್ನು ನಮ್ಮ ಮೇಜಿನ ಮೇಲಿರಿಸಿ, "ಸರ್, ಇದರೊಳಗೆ ಹುಟ್ಟುವುದು ಕಣ್ಣಿಗೆ ಕಾಣದ ಕಿರಣವಂತೆ, ಒಂದು ಹರಳನ್ನು ದಾಟುವಾಗ ಅದು ಹಸಿರಾಗುತ್ತದಂತೆ. ಹಾಗಾದರೆ ಕಂಪನಸಂಖ್ಯೆ ಬದಲಾಯಿತಲ್ಲವೇ?" ಎಂದು ಕೇಳಿದನು. "ಅದು ಪಠ್ಯದಲ್ಲಿಲ್ಲ, ಪರೀಕ್ಷೆಯಲ್ಲಿ ಪುಸ್ತಕದಲ್ಲಿರುವುದನ್ನೇ ಬರೆ" ಎಂದು ನಾವು ಅವನನ್ನು ಕಳುಹಿಸಿಬಿಟ್ಟೆವು. ಆ ಉತ್ತರವು ತಪ್ಪೆಂದು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಲೇಖನ.

ಹುಡುಗನು ಹೇಳಿದುದು ನಿಜ. ಇಂತಹ ಅನೇಕ ಪೆನ್ನುಗಳಲ್ಲಿ 1064 ನ್ಯಾನೋಮೀಟರ್ ತರಂಗದೈರ್ಘ್ಯದ ಅವಕೆಂಪು ಬೆಳಕು ಹುಟ್ಟುತ್ತದೆ. ಹರಳೊಂದರ ಮೂಲಕ ಹಾಯುವಾಗ ಅದರ ಒಂದು ಭಾಗವು ಸರಿಯಾಗಿ ಅರ್ಧ ದೈರ್ಘ್ಯದ, ಎಂದರೆ 532 ನ್ಯಾನೋಮೀಟರಿನ, ಹಸಿರು ಬೆಳಕಾಗುತ್ತದೆ. ದೈರ್ಘ್ಯವು ಅರ್ಧವಾದರೆ ಕಂಪನಸಂಖ್ಯೆ ಇಮ್ಮಡಿಯಾಯಿತಷ್ಟೆ. ಉಳಿದ ಅವಕೆಂಪು ಕಿರಣವೂ ಹೊರಗೆ ಸೂಸಬಹುದಾದುದರಿಂದ ಇಂತಹ ಪೆನ್ನನ್ನು ಎಂದಿಗೂ ಕಣ್ಣಿನತ್ತ ಹಿಡಿಯಬಾರದು.

ಇದಕ್ಕೆ ಕಾರಣವೇನು? ಸುಲ್ತಾನ್ ಬತ್ತೇರಿಯಲ್ಲಿ ದೋಣಿ ಹತ್ತಿ ತಣ್ಣೀರುಬಾವಿಯ ಕಡಲತಡಿಗೆ ಹೋದವರು ಅಲೆಗಳನ್ನು ನೋಡಿರಬಹುದು. ದೂರದ ಆಳವಾದ ನೀರಿನಲ್ಲಿ ಅಲೆಯ ಉಬ್ಬೂ ತಗ್ಗೂ ಹೆಚ್ಚುಕಡಿಮೆ ಸಮಾನ. ದಡದ ಬಳಿಗೆ ಬರುತ್ತಲೇ ಉಬ್ಬು ಚೂಪಾಗುತ್ತದೆ, ತಗ್ಗು ಚಪ್ಪಟೆಯಾಗುತ್ತದೆ. ಈ ಅಲೆಯನ್ನು ಗಣಿತದಿಂದ ಬಿಡಿಸಿ ನೋಡಿದರೆ, ಮೂಲ ಅಲೆಯೊಡನೆ ಇಮ್ಮಡಿ ಕಂಪನಸಂಖ್ಯೆಯ ಮತ್ತೊಂದು ಅಲೆ ಬೆರೆತಿರುವುದು ತಿಳಿಯುತ್ತದೆ. ಹರಳಿನೊಳಗಣ ಎಲೆಕ್ಟ್ರಾನುಗಳ ಸಂಗತಿಯೂ ಹೀಗೆಯೇ. ಮಂದ ಬೆಳಕಿನಲ್ಲಿ ಅವು ಎರಡು ಕಡೆಗೂ ಸಮನಾಗಿ ತೂಗುತ್ತವೆ. ಬೆಳಕು ಅತಿ ಪ್ರಬಲವಾಗಿ, ಹರಳಿನ ರಚನೆಯೂ ಎರಡು ಕಡೆಗೆ ಸಮನಾಗಿಲ್ಲದಿದ್ದರೆ, ಒಂದು ಕಡೆಗೆ ಹೆಚ್ಚು, ಇನ್ನೊಂದು ಕಡೆಗೆ ಕಡಿಮೆ ಸರಿಯುತ್ತವೆ. ಆ ಅಸಮತೆಯಿಂದ ಇಮ್ಮಡಿ ಕಂಪನದ ಬೆಳಕು ಹೊಮ್ಮುತ್ತದೆ.

ಅಷ್ಟು ಪ್ರಬಲವಾದ ಬೆಳಕು ದೊರೆತುದು 1960ರಲ್ಲಿ ಲೇಸರ್ ಹುಟ್ಟಿದ ಮೇಲೆ. ಮರುವರ್ಷವೇ ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ಪೀಟರ್ ಫ್ರಾಂಕೆನ್ ಮತ್ತು ಸಂಗಡಿಗರು ಮಾಣಿಕ್ಯದ ಲೇಸರಿನ 694.3 ನ್ಯಾನೋಮೀಟರಿನ ಕೆಂಪು ಬೆಳಕನ್ನು ಕ್ವಾರ್ಟ್ಸ್ ಹರಳಿಗೆ ಹಾಯಿಸಿದರು. ಛಾಯಾಫಲಕದ ಮೇಲೆ 347.2 ನ್ಯಾನೋಮೀಟರಿನ ನೇರಳಾತೀತ ಬೆಳಕಿನ ಸಣ್ಣ ಚುಕ್ಕೆಯೊಂದು ಮೂಡಿತು. ಪತ್ರಿಕೆಯಲ್ಲಿ ಅಚ್ಚಾದ ಚಿತ್ರದಲ್ಲಾದರೋ ಬಾಣದ ಗುರುತಿದೆ, ಚುಕ್ಕೆಯಿಲ್ಲ. ಕೊಳೆಯ ಕಲೆಯೆಂದು ಭಾವಿಸಿ ಯಾರೋ ಅದನ್ನು ಅಳಿಸಿದ್ದರೆಂದು ಹೇಳುತ್ತಾರೆ. ನಾವು ಆ ಹುಡುಗನ ಪ್ರಶ್ನೆಗೆ ಮಾಡಿದುದೂ ಅದನ್ನೇ.

ಇಂದು ಈ ಪರಿಣಾಮವನ್ನು ಅರೆವಾಹಕಗಳ ತೆಳುಪೊರೆಗಳಲ್ಲಿಯೂ ಅಭ್ಯಸಿಸುತ್ತಿದ್ದಾರೆ. ದಪ್ಪ ಹರಳಿನಲ್ಲಿ ಮೂಲ ಬೆಳಕೂ ಇಮ್ಮಡಿ ಬೆಳಕೂ ಸಾಮಾನ್ಯವಾಗಿ ಒಂದೇ ವೇಗದಲ್ಲಿ ಸಾಗವು. ಆದಕಾರಣ ಬೇರೆ ಬೇರೆ ಎಡೆಗಳಲ್ಲಿ ಹುಟ್ಟಿದ ಅಲೆಗಳು ಹೆಜ್ಜೆ ತಪ್ಪಿ ಒಂದನ್ನೊಂದು ಅಳಿಸುತ್ತವೆ. ಪೊರೆಯು ತರಂಗದೈರ್ಘ್ಯಕ್ಕಿಂತಲೂ ಬಹಳ ತೆಳುವಾಗಿದ್ದರೆ ಹೆಜ್ಜೆ ತಪ್ಪಲು ಅವಕಾಶವೇ ಇಲ್ಲ. ಆದರೆ ದಾರಿ ಕಿರಿದಾದುದರಿಂದ ಹುಟ್ಟುವ ಬೆಳಕೂ ಅತ್ಯಲ್ಪ. ಒಂದು ನ್ಯಾನೋಮೀಟರಿಗಿಂತ ತೆಳುವಾದ, ಮಾಲಿಬ್ಡಿನಂ ಡೈಸಲ್ಫೈಡಿನ ಒಂಟಿ ಪದರವೂ ಇಮ್ಮಡಿ ಬೆಳಕನ್ನು ಕೊಡುತ್ತದೆಂದು 2013ರಲ್ಲಿ ಹಲವು ಪ್ರಯೋಗಾಲಯಗಳು ತೋರಿಸಿದವು. ಸಹಜ ಜೋಡಣೆಯಲ್ಲಿ ಎರಡು ಪದರಗಳಾದರೆ ಸಮತೆ ಮರಳಿ ಆ ಬೆಳಕು ಬಹುಮಟ್ಟಿಗೆ ಆರುತ್ತದೆ. ಮೂರಾದರೆ ಮತ್ತೆ ತೋರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ಯಾಲಿಯಂ ಸೆಲಿನೈಡಿನ ಪೊರೆಗಳ ಮೇಲೆ ಇಂತಹ ಕೆಲಸ ನಡೆದಿದೆ. ನಮ್ಮ ಊರಿಗೆ ಸಮೀಪದ ಕೊಣಾಜೆಯ ವಿಶ್ವವಿದ್ಯಾನಿಲಯದಲ್ಲಿಯೂ ಮಣಿಪಾಲದಲ್ಲಿಯೂ ಸತುವಿನ ಆಕ್ಸೈಡಿನ ತೆಳುಪೊರೆಗಳು ಪ್ರಬಲ ಬೆಳಕಿಗೆ ಹೇಗೆ ವರ್ತಿಸುತ್ತವೆಂಬುದನ್ನು ಪರೀಕ್ಷಿಸಿದ್ದಾರೆ.

ಹೀಗಿರಲು, ಕಂಪನಸಂಖ್ಯೆ ಬದಲಾಗದೆಂಬ ನಿಯಮವನ್ನು ಎಲ್ಲೆಯಿಲ್ಲದೆ ಕಲಿಸುವುದು ಸರಿಯೇ? ಇಷ್ಟೆಲ್ಲ ಹೇಳಿದರೆ ವಿದ್ಯಾರ್ಥಿಗಳು ಗೊಂದಲಕ್ಕೆ ಸಿಲುಕುವರೆಂದು ಕೆಲವು ಉಪಾಧ್ಯಾಯರು ಹೇಳಬಹುದು. ಓಮನ ನಿಯಮವನ್ನು ಹೇಳುವಾಗ "ಉಷ್ಣತೆ ಸ್ಥಿರವಾಗಿದ್ದರೆ" ಎನ್ನುತ್ತೇವೆ. ಹುಕ್ಕನ ನಿಯಮಕ್ಕೆ "ಸ್ಥಿತಿಸ್ಥಾಪಕತೆಯ ಮಿತಿಯೊಳಗೆ" ಎಂದು ಸೇರಿಸುತ್ತೇವೆ. ಅದರಿಂದ ಯಾರೂ ಗೊಂದಲಗೊಂಡಿಲ್ಲ. ಬೆಳಕಿನ ನಿಯಮಕ್ಕೆ ಮಾತ್ರ ಈ ಮರ್ಯಾದೆ ಏಕೆ ಬೇಡ? ಎಲ್ಲೆಯನ್ನು ತಿಳಿಸಿದರೆ ನಿಯಮದ ಬೆಲೆ ಕುಗ್ಗುವುದಿಲ್ಲ. ಅದನ್ನು ಎಲ್ಲಿ ನಂಬಬೇಕೆಂಬುದು ಸ್ಪಷ್ಟವಾಗುತ್ತದೆ. ಎಲ್ಲೆಯನ್ನೇ ಮುಚ್ಚಿಟ್ಟರೆ, ಕಣ್ಣೆದುರಿನ ಸಾಕ್ಷ್ಯವನ್ನು ಬಿಟ್ಟು ಪುಸ್ತಕವನ್ನು ನಂಬೆಂದು ಮಕ್ಕಳಿಗೆ ಕಲಿಸಿದಂತಾಗುತ್ತದೆ. ವಿಜ್ಞಾನದ ತರಗತಿಯಲ್ಲಿ ಇದಕ್ಕಿಂತ ದೊಡ್ಡ ನಷ್ಟವಿಲ್ಲ.

ಮರುವಾರ ನಾವು ಅದೇ ತರಗತಿಯಲ್ಲಿ ಆ ವಾಕ್ಯವನ್ನು ಮತ್ತೊಮ್ಮೆ ಹಲಗೆಯ ಮೇಲೆ ಬರೆದು, ಅದರ ಹಿಂದೆ "ಬೆಳಕು ಮಂದವಾಗಿದ್ದಾಗ" ಎಂಬ ಎರಡು ಮಾತುಗಳನ್ನು ಸೇರಿಸಿದೆವು. ಏಕೆ ಸೇರಿಸಿದೆವೆಂಬುದನ್ನು ಆ ಹುಡುಗನೇ ತನ್ನ ಸಹಪಾಠಿಗಳಿಗೆ ವಿವರಿಸಿದನು.